ಗಾದ್ರಮ್ಮನ ತೋಳಿನ ಕಡ್ಡಿಗಳು

ಜಗಳೂರು ಸೀಮೆಯ ಹಟ್ಟಿಯೊಂದರ ಗಾದ್ರಮ್ಮ ಶೇಂಗಾ ಬಿಡಿಸಲು ಕೂತರೆ ಸಿಪ್ಪೆ ಗುಡ್ಡವಾಗಿ, ಅದರ ನೆರಳಿಗೆ ಕುರಿಗಳು ಮಲಗುತ್ತಿದ್ದವು. ಅಂಥವಳ ತೋಳಿನೊಳಗೆ ಸಾವಿರದ ಒಂಬೈನೂರ ಎಂಬತ್ತೈದನೇ ಇಸವಿಯಲ್ಲಿ ಶಹರದ ದೊಡ್ಡಾಸ್ಪತ್ರೆಯ ಡಾಕ್ಟರು ಬೆಂಕಿಕಡ್ಡಿಯಂಥ ಎರಡು ಕಡ್ಡಿ ತೂರಿಸಿದರು. ಮೂರು ಮಕ್ಕಳಾಗಿದ್ದವು, ಆಪರೇಷನ್ ಎಂದರೆ ಅವಳಿಗೆ ಭಯ. ಐದು ವರ್ಷ ಬಸಿರಿನ ಚಿಂತೆಯಿಲ್ಲ, ಬೇಡವೆಂದ ದಿನ ತೆಗೆಯುತ್ತೇವೆ ಎಂದಿದ್ದರು. ಔಷಧ ಇನ್ನೂ ಪರೀಕ್ಷೆಯಲ್ಲಿದೆ ಎನ್ನುವ ಮಾತು ಮಾತ್ರ ಅವರ ಹಲ್ಲಿನ ಸಂದಿಯಲ್ಲೇ ಸಿಕ್ಕಿಕೊಂಡಿತ್ತು.

ಬಸಿರಿನ ಚಿಂತೆ ನಿಂತಿತು, ಮುಟ್ಟು ನಿಲ್ಲಲಿಲ್ಲ. ದಿನಾ ಒಂದಿಷ್ಟು ಕಲೆ. ಹಟ್ಟಿಯಲ್ಲಿ ಮುಟ್ಟಾದವಳು ಊರಾಚೆಯ ಗುಡಿಸಲಲ್ಲಿ ಕೂರಬೇಕು. ಒಂದು ಹನಿ ಕಂಡರೂ ಹೊರಗೆ ಕೂರುವ ದಿನಗಳ ಲೆಕ್ಕ ಮತ್ತೆ ಮೊದಲಿಂದ. ಯುಗಾದಿಗೆ ಹೊರಗೆ ಕೂತವಳು ದೀಪಾವಳಿಗೂ ಅಲ್ಲೇ ಇದ್ದಳು. ಅಷ್ಟರಲ್ಲಿ ಗುಡಿಸಲಿನ ಹಲ್ಲಿಗಳು ಮರಿಮಕ್ಕಳನ್ನು ಕಂಡಿದ್ದವು. ಕಿರಿಮಗಳು ಕೆಂಪಿ ದೂರದಲ್ಲಿ ನಿಂತು ಅವ್ವಾ ಎಂದು ಅತ್ತರೆ ಅಜ್ಜಿ ಎಳೆದೊಯ್ಯುತ್ತಿದ್ದಳು. ಈ ಕಟ್ಟು ಮಾಡಿದ ಹಿರಿಯರ ಮೀಸೆಗೂ ನಾಚಿಕೆಯಿರಲಿಲ್ಲ.

ಹತ್ತಿರದ ಸಣ್ಣ ಆಸ್ಪತ್ರೆಯವರು, ಹಾಕಿದವರೇ ತೆಗೆಯಲಿ ಎಂದು ಸಾಗಹಾಕಿದರು. ಹಾಕಿದ ಡಾಕ್ಟರಿಗೆ ತೋಳಿನ ಒಡತಿಗಿಂತ ಕಡ್ಡಿಗಳ ಯೋಗಕ್ಷೇಮವೇ ಹೆಚ್ಚು. ಎಲ್ಲರಿಗೂ ಹೀಗಾಗುತ್ತದೆ, ಇದು ಮುಟ್ಟೇ ಅಲ್ಲ, ಎಲ್ಲ ನಿಮ್ಮ ಮೂಢನಂಬಿಕೆ, ಐದು ವರ್ಷ ತಡಕೋ ಎಂದು ಮೂರನೇ ಸಲವೂ ಓಡಿಸಹೊರಟರು. ಗಂಡ ಹನುಮಣ್ಣ, ಏಳು ಹೋಗೋಣ ಎಂದ.

ಅವತ್ತು ಶುಕ್ರವಾರ. ಡಾಕ್ಟರ ಬೆನ್ನ ಹಿಂದೆ ಲಕ್ಷ್ಮಿಯ ಪಟಕ್ಕೆ ಆಗಷ್ಟೇ ಪೂಜೆಯಾಗಿತ್ತು. ಮೇಜಿನ ಮೇಲೆ ಉಳಿದಿದ್ದ ಸೇವಂತಿಗೆ ಎತ್ತಿಕೊಂಡು ಗಾದ್ರಮ್ಮ ನೇರ ಪಟದ ಕಡೆ ನಡೆದಳು.

"ಇದು ಮುಟ್ಟೇ ಅಲ್ಲ ಅಂದ್ರಲ್ರೀ, ಹಂಗಾರೆ ದೇವ್ರಿಗೊಂದು ಹೂವ ಏರಿಸ್ತೀನಿ."

ಡಾಕ್ಟರು ಕುರ್ಚಿಯಿಂದ ನೆಗೆದ ರಭಸಕ್ಕೆ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಹೊನ್ನಾಳಿ ಬಸ್ಸು ತಾನಾಗೇ ಸ್ಟಾರ್ಟ್ ಆಯಿತು.

"ಏಯ್, ಪಟ ಮುಟ್ಬೇಡ."

"ನಿಮ್ಮ ಪಟಕ್ಕೆ ಒಂದು ಗಳಿಗೆ ತಡಿಯಾಕೆ ಆಗಲ್ಲ, ನನ್ನ ಕೂಸು ಎಷ್ಟು ತಿಂಗಳು ತಡೀಬೇಕ್ರೀ? ಕಡ್ಡಿ ತೆಗೀತೀರೋ, ಹೂವ ಏರಿಸ್ಲೋ?"

ಪರೀಕ್ಷೆ ಕೆಡಿಸಿದಳು, ಇಂಥವರಿಂದಲೇ ದೇಶ ಹಾಳು ಎಂದು ಗೊಣಗುತ್ತ, ಮರಗಟ್ಟಿಸುವ ಸೂಜಿಮದ್ದು ಹಿಡಿಯುವ ಮೊದಲೇ ತೋಳು ಕೊಯ್ದರು. ಎರಡನೇ ಕಡ್ಡಿ ಹೊರಬರುವವರೆಗೂ ಅವಳು ಹೂವು ಬಿಡಲಿಲ್ಲ.

ಕಲೆ ನಿಂತು, ತಲೆಗೆ ನೀರು ಹಾಕಿಕೊಂಡು ಮನೆ ಹೊಕ್ಕರೆ ಕೆಂಪಿ ಗೋಡೆಗೆ ಅಂಟಿ ನಿಂತಳು. ಬಾ ಎಂದರೂ ಬರಲಿಲ್ಲ.

"ಮೈಲಿಗೆ" ಎಂದಳು.

ಗಾದ್ರಮ್ಮ ಅವಳನ್ನು ಎಳೆದು ಅಪ್ಪಿಕೊಂಡು ಆ ಡಾಕ್ಟರನ್ನು, ಹಟ್ಟಿಯ ಹಿರಿಯರನ್ನು ಬೈದ ಬೈಗುಳ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಒಂದೂ ಹೆಚ್ಚಾಗಿರಲಿಲ್ಲ.