ಸಾಬರ ಬಾಗುವ ತಪ್ಪಲೆ

ಮೊನ್ನೆ ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹಿಂದೆ ಯಾರೋ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಏಳುವ ಆ ಬಿಳಿ ಹೊಗೆ ಮೂಗಿಗೆ ಹೊಡೆದದ್ದೇ ತಡ, ಬಸ್ಸು ಹತ್ತುವುದನ್ನೂ ಮರೆತು ನಿಂತುಬಿಟ್ಟೆ. ನಮ್ಮ ಕಲಾಯಿ ಸಾಬರು ನೆನಪಾದರು…

ಆಗ ತೊಂಬತ್ತರ ದಶಕದ ಆರಂಭ. ಸಂತೆಬಾಚಹಳ್ಳಿಯಲ್ಲಿ ನನ್ನದೊಂದು ಟೀ ಅಂಗಡಿ, ಪಕ್ಕದ್ದೇ ಸಾಬರ ಕಲಾಯಿ, ಬೆಸುಗೆಯ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ನಾನೊಬ್ಬಳೇ ನಡೆಸುತ್ತಿದ್ದೆ, ಚೆನ್ನಾಗಿಯೇ ನಡೆಸುತ್ತಿದ್ದೆ. ನನ್ನ ಟೀ ಕುಡಿದವರು ಇನ್ನೊಂದು ಕಡೆ ಹೋಗುತ್ತಿರಲಿಲ್ಲ, ಇದು ಜಂಬವಲ್ಲ. ಹಾಗಿರುವಾಗ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಮಾತ್ರ ಬರಲಿಲ್ಲ. ತುಂಬಿದ ತಪ್ಪಲೆಯನ್ನು ಎತ್ತಿ ಸುರಿಯುವುದು ಹೇಗೆ? ನನ್ನ ಮೈದುನ ಇಂಥದ್ದನ್ನೇ ಕಾಯುತ್ತಿದ್ದ.

“ಅತ್ಗೆ, ಸುಮ್ಕೆ ಅಂಗ್ಡಿ ನಂಗ್ ಬುಟ್ಬುಡು. ಮನೇಲಿ ಕುಂತ್ಕಂಡು ಉಣ್ಣು” ಎಂದ.

ಮೈಯೆಲ್ಲ ಉರಿದುಹೋಯಿತು. ಅವನ ಹಂಗಿನ ಅನ್ನ ನನಗೆ ಬೇಡವೇ ಬೇಡ.

ಸಾಬರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಮುಂದಿನ್ ಸಂತೆಗೆ ನೀನೇ ಟೀ ಕೊಡ್ತೀಯ, ಸುಮ್ಕಿರವ್ವ” ಎಂದವರೇ ತಪ್ಪಲೆ ಎತ್ತಿಕೊಂಡು ಹೋದರು. ತಳದಲ್ಲಿ ನಲ್ಲಿ ಕೂರಿಸಿ, ಒಳಗೆ ಜಾಲರಿ ಬೆಸೆದು ತಂದರು. ತಿರುಗಿಸಿದರೆ ಟೀ, ಎತ್ತುವ ಗೋಜೇ ಇಲ್ಲ. ಗೆದ್ದೆ ಅಂದುಕೊಂಡೆ.

ಸಂತೆಯ ದಿನ ಬಿಂಡಿಗನವಿಲೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಗೌಡರೊಬ್ಬರು ಲೋಟವನ್ನೇ ದಿಟ್ಟಿಸಿ, “ಇದ್ಯಾಕವ್ವ, ನೊರೆನೇ ಇಲ್ವಲ್ಲ! ಕೈಕಾಲ್ ತೊಳ್ಯಕ್ಕೆ ನೀರ್ ಬುಟ್ಟಂಗದೆ” ಎಂದು ನಕ್ಕರು. ನಮ್ಮ ಕಡೆ ಟೀ ಎಂದರೆ ಎತ್ತರದಿಂದ ಸುರಿಯಬೇಕು, ಸುರಿಯುವುದು ಗಿರಾಕಿಯ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಅದು ಒಳ್ಳೆಯ ಟೀ ಎಂದು ಯಾರೂ ನಂಬುವುದಿಲ್ಲ. ಅರ್ಧ ತಪ್ಪಲೆ ಹಾಗೇ ಉಳಿಯಿತು. ಮೈದುನ ಎದುರಿಗೆ ನಿಂತು ಹಲ್ಲು ಕಿರಿಯುತ್ತಿದ್ದ.

ಸಾಬರು ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ನಿನ್ ಕೈ ನೋಡ್ದೆ, ಕುಡ್ಯೋರ್ ಕಣ್ ನೋಡ್ನಿಲ್ಲ ಕಣವ್ವ!”

ಮತ್ತೆ ಕೂತರು. ಈ ಸಲ ನಲ್ಲಿ ಕಿತ್ತುಹಾಕಿ, ಒಲೆಯ ಎರಡೂ ಬದಿಗೆ ಕಬ್ಬಿಣದ ಕಾಲು ನಿಲ್ಲಿಸಿ, ತಪ್ಪಲೆಯನ್ನು ನಡುವೆ ಕೀಲಿನ ಮೇಲೆ ಕೂರಿಸಿದರು. ಹಿಂದಿನ ಉದ್ದನೆಯ ಹಿಡಿಯನ್ನು ಎಡಗೈಯಲ್ಲಿ ಮೇಲೆತ್ತಿದರೆ ಸಾಕು, ತಪ್ಪಲೆ ಮುಂದಕ್ಕೆ ಬಾಗುತ್ತಿತ್ತು. ಟೀ ಮೇಲಿನಿಂದ ಉದ್ದಕ್ಕೆ ಇಳಿದು, ಕೆಳಗಿನ ಪಾತ್ರೆಯ ಬಾಯಿಗೆ ಕಟ್ಟಿದ ಸೋಸುವ ಬಟ್ಟೆಯ ಮೇಲೆ ಎಲ್ಲರ ಕಣ್ಣೆದುರೇ ಬೀಳುತ್ತಿತ್ತು. ಅಬ್ಬಾ, ಆ ನೊರೆ! ಮುಂದಿನ ಸಂತೆಯಲ್ಲಿ ನೋಡುವುದಕ್ಕೆಂದೇ ಜನ ಸೇರಿದರು. ಗೌಡರು ಇನ್ನೊಂದು ಲೋಟ ಕೇಳಿ ಕುಡಿದರು. ಮೈದುನ ಅಂಗಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಸಾಬರಿಗೆ ಕೈ ನಡುಕ ಶುರುವಾಯಿತು. ಬೆಸುಗೆ ನಿಲ್ಲದೆ ಅಂಗಡಿ ಮುಚ್ಚಿದರು. ನನ್ನ ಬೆಂಚಿನ ಮೇಲೆ ಕೂತು, “ಅರ್ಧ ಲೋಟ ಸಾಕವ್ವ, ತುಂಬ ಕೊಟ್ರೆ ಪಂಚೆ ಕುಡೀತದೆ” ಎಂದು ನಗುತ್ತಿದ್ದರು.

“ಸಾಬ್ರೇ, ನನ್ ಕೈಗೆ ಮಾಡ್ಕೊಟ್ರಿ. ನಿಮ್ ಕೈಗೂ ಏನಾರ ಮಾಡ್ಕಳಿ” ಎಂದೆ ಒಮ್ಮೆ.

“ಎಂಗ್ ಮಾಡ್ಬೇಕು ಅಂತ ಗೊತ್ತದೆ ಕಣವ್ವ. ಮಾಡಕ್ಕೆ ಕೈ ಬೇಕಲ್ಲ…”

ಅವರು ಹೋಗಿ ಎಷ್ಟೋ ವರ್ಷವಾಯಿತು. ಅಂಗಡಿ ಇವತ್ತಿಗೂ ನನ್ನದೇ, ಟೀ ಸುರಿಯುವವಳೂ ನಾನೇ. ಅವರಿದ್ದಾಗ, ನಡುಗುವ ಕೈಯಲ್ಲೂ ಚೆಲ್ಲದ ಒಂದು ಲೋಟ ಮಾಡಿಸಿಕೊಡಬೇಕೆಂದು ಪಾಂಡವಪುರ, ನಾಗಮಂಗಲವೆಲ್ಲ ವಿಚಾರಿಸಿದ್ದೆ. ಅಂಥದ್ದನ್ನು ಮಾಡಬಲ್ಲವರು ಅವರೊಬ್ಬರೇ ಇದ್ದರು.