ಬೀಗದ ಕೈ ಒತ್ತಿದ ಬಿಸ್ಕೀಟು

ಆಗೆಲ್ಲ ರಾಯಚೂರಿನ ನಮ್ಮ ಓಣಿಯಲ್ಲಿ ಯಾರೂ ಬಿಸ್ಕೀಟು ಕೊಳ್ಳುತ್ತಿರಲಿಲ್ಲ, ಸುಡಿಸಿಕೊಂಡು ಬರುತ್ತಿದ್ದರು. ರವೆ, ಸಕ್ಕರೆ, ತುಪ್ಪ ಮನೆಯದು. ಭಟ್ಟಿ ಮಾತ್ರ ಓಣಿಯ ತುದಿಯ ಸಾಹೇಬರದು. ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಉಳಿದ ಕಾವಿನಲ್ಲಿ ಓಣಿಯವರ ನಾನಖಟಾಯಿ ಬೇಯುತ್ತಿದ್ದವು. ಯಾವ ತಟ್ಟೆ ಯಾರದೆಂದು ತಿಳಿಯಲು ಮನೆಗೊಂದು ಗುರುತು. ಕೆಲವರು ಚಾರೋಳಿ ಬೀಜ ಒತ್ತುತ್ತಿದ್ದರು, ಕೆಲವರು ಹೆಬ್ಬೆರಳು. ನಮ್ಮವ್ವ ಸೊಂಟಕ್ಕೆ ಸಿಗಿಸಿಕೊಂಡ ಬೀಗದ ಕೈ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದಳು. ಅದರ ದುಂಡು ತುದಿಯನ್ನು ಹಸಿ ಹಿಟ್ಟಿನ ಮೇಲೆ ಒತ್ತುವುದು, ಆಮೇಲೆ ನಮ್ಮ ತಟ್ಟೆ ಇನ್ನೊಬ್ಬರ ಮನೆಗೆ ಹೋಗದಂತೆ ಕಾಯುತ್ತ ಕೂಡುವುದು ನನ್ನ ಕೆಲಸ. ನನ್ನನ್ನು ಕಂಡರೆ ಸಾಹೇಬರು, ಜವಾನರು ಬಂದರು ಎಂದು ನಗುತ್ತಿದ್ದರು.

ಅಜ್ಜಿ ಅವನ್ನು ಮುಟ್ಟುತ್ತಿರಲಿಲ್ಲ. ದಿನಾ ಲಿಂಗಪೂಜೆ ಮಾಡುವ ಮನೆಗೆ ಭಟ್ಟಿಯ ತಿನಿಸು ಯಾಕೆ ಎಂದು ಅವಳ ವಾದ. ಹಿಟ್ಟು ನಮ್ಮದೇ ಅಲ್ಲವೇ ಎಂದು ಅವ್ವನ ವಾದ. ಆದರೆ ಜಡ್ಡು ಬಿದ್ದವರ ಲೆಕ್ಕ ಬೇರೆ. ಹಿಂದಿನ ವರ್ಷ ನನಗೆ ಚಳಿಜ್ವರ ಬಂದಾಗ ಭಟ್ಟಿಯ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅಜ್ಜಿಯೇ ತಿನ್ನಿಸಿದ್ದಳು. ಭಟ್ಟಿಯದು ಹೊಟ್ಟೆಗೆ ಹಗುರ ಎಂದು ಓಣಿಗೆಲ್ಲ ನಂಬಿಕೆ. ನಾನೂ ಅದನ್ನೇ ನಂಬಿದ್ದೆ.

ಯುದ್ಧದ ಕಾಲದ ಒಂದು ಚಳಿಗಾಲ. ಸಕ್ಕರೆ ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಸಿಕ್ಕರೆ. ನನಗೆ ಒಂಬತ್ತು, ನನ್ನ ತಮ್ಮ ಚನ್ನನಿಗೆ ಆರು. ಅವನಿಗೆ ಮುದ್ದತಿನ ಜ್ವರ ಬಂತು. ಈಗ ಅದನ್ನು ಟೈಫಾಯಿಡ್ ಅನ್ನುತ್ತಾರೆ, ನಾಲ್ಕು ಗುಳಿಗೆ ನುಂಗಿಸುತ್ತಾರೆ, ಹುಡುಗರು ಎದ್ದು ಆಡುತ್ತಾರೆ. ಆಗ ಗುಳಿಗೆ ಇರಲಿಲ್ಲ, ಪಥ್ಯವೊಂದೇ ಇತ್ತು. ಗಂಜಿಯ ತಿಳಿ, ಮೋಸಂಬಿ ರಸ ಬಿಟ್ಟು ಏನೂ ಕೊಡಬಾರದು, ಜ್ವರ ಬಿಟ್ಟ ಮೇಲೂ ಎರಡು ವಾರ ಕೊಡಬಾರದು, ಕರುಳು ಹಸಿ ಗಾಯದಂತೆ ಇರುತ್ತದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಅಪ್ಪ ಅವ್ವನಿಗೆ ಹೇಳಿದ. ನನಗೆ ಯಾರೂ ಹೇಳಲಿಲ್ಲ.

ಮೂರು ವಾರಕ್ಕೆ ಜ್ವರ ಇಳಿಯಿತು. ಚನ್ನ ಹಾಸಿಗೆಗೆ ಅಂಟಿಹೋಗಿದ್ದ, ಕಣ್ಣಷ್ಟೇ ಉಳಿದಿದ್ದವು. ಅವ್ವ ಕೂಡಿಟ್ಟ ಸಕ್ಕರೆಯನ್ನೆಲ್ಲ ಸುರಿದು ನಾನಖಟಾಯಿ ಕಲಸಿದಳು. ಪಥ್ಯ ಮುಗಿದ ದಿನ ಅವನಿಗೆ ಕೊಡಲಿಕ್ಕೆ. ನಾನು ಬೀಗದ ಕೈ ಒತ್ತಿ ಸುಡಿಸಿಕೊಂಡು ಬಂದೆ. ತುಪ್ಪದ ಘಮ ಪಡಸಾಲೆಯನ್ನೆಲ್ಲ ತುಂಬಿತು. ಅವನಿಗೆ ಆಸೆ ಇರಲಿ, ಬೇಗ ಚೇತರಿಸಿಕೊಳ್ಳಲಿ ಎಂದು ಅವ್ವ ಆ ಡಬ್ಬಿಯನ್ನು ಅವನ ಹಾಸಿಗೆಯ ಎದುರಿನ ಗೋಡೆಯ ಮಾಡದಲ್ಲೇ ಇಟ್ಟಳು. ಹಸಿದ ಕೂಸಿನ ಕಣ್ಣೆದುರು ಡಬ್ಬಿ ಇಡುವಷ್ಟು ಮುಗ್ಧಳು ನನ್ನವ್ವ.

ಮರುದಿನವೇ ಎಳ್ಳ ಅಮಾವಾಸ್ಯೆ. ಅವತ್ತು ಚಂದ್ರಬಂಡದ ನಮ್ಮ ಹೊಲಕ್ಕೆ ಹೋಗಿ, ಬೆಳೆಗೆ ಅಡುಗೆಯ ಎಡೆ ಹಿಡಿದು, ಅದನ್ನೇ ಹೊಲದ ತುಂಬ ಚರಗ ಚೆಲ್ಲಿ, ಅಲ್ಲೇ ಉಣ್ಣುವುದು ನಮ್ಮ ಪದ್ಧತಿ. ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ಒಬ್ಬಳೇ ಮಾಡಿದಳು. ಅಪ್ಪ, ಅಜ್ಜಿ ಬುಟ್ಟಿ ಹೇರಿಕೊಂಡು ಬಂಡಿಯಲ್ಲಿ ಹೋದರು. ಅವ್ವನ ಜೊತೆ ನಾನು ಉಳಿದೆ. ಹೊಲ ತಪ್ಪಿತೆಂದು ನನಗೆ ಸಿಟ್ಟು.

ಅವ್ವ ಹೋಳಿಗೆಯ ಉಗುರಷ್ಟು ಚೂರು ಮುರಿದು ಚನ್ನನ ನಾಲಿಗೆಗೆ ಇಟ್ಟಳು. ವರ್ಷದ ಎಡೆ ಬಾಯಿಗೆ ತಾಗದೆ ಹೋಗಬಾರದು ಎಂದು.

"ಎಡಿ ಇದು. ನುಂಗಬ್ಯಾಡಪ್ಪಾ, ಚೀಪು" ಎಂದಳು.

ಆಮೇಲೆ ಅವಳು ನೀರಿಗೆಂದು ಬಾವಿಗೆ ಹೋದಳು. ಚನ್ನ ನನ್ನ ಕಡೆ ತಿರುಗಿದ.

"ಅಕ್ಕಾ, ಹೊಟ್ಟಿ ಭಾಳ ಹಸ್ಯಾಕತ್ತದ. ಡಬ್ಬಿ ತಗೀ."

ಇದರಲ್ಲಿ ನಾನು ಯೋಚಿಸದೆ ಮಾಡಿದ್ದು ಏನೂ ಇಲ್ಲ. ಅವ್ವ ಕೊಟ್ಟಿದ್ದು ಎಣ್ಣೆ ಹಚ್ಚಿ ಬೇಯಿಸಿದ ಹೋಳಿಗೆ. ಇದು ಭಟ್ಟಿಯದು, ಜಡ್ಡಿನವರಿಗೆ ಆಗುವಂಥದು. ಅವ್ವನಿಗಿಂತ ನಾನೇ ಜಾಣೆ ಎಂದುಕೊಂಡೆ. ಮಾಡದ ಕೆಳಗಿನ ಕಟ್ಟೆ ಹತ್ತಿ ಮೂರು ತೆಗೆದುಕೊಟ್ಟೆ. ಅವನು ಮೊದಲು ಬೀಗದ ಕೈಯ ಗುಂಡಿಯಲ್ಲಿ ನಾಲಿಗೆ ಆಡಿಸಿದ, ಆಮೇಲೆ ಗಬಗಬ ತಿಂದ. ಎದೆಯ ಮೇಲಿನ ಪುಡಿಯನ್ನೂ ಆರಿಸಿ ತಿಂದ. ಒಂದು ತಿಂಗಳ ಮೇಲೆ ಅವತ್ತು ನಕ್ಕ. ಆ ನಗುವನ್ನು ನೋಡಿ ನನಗಾದ ಹೆಮ್ಮೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಮುರುಟಿದ. ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು. ಡಾಕ್ಟರು ಬಂದು ಮುಟ್ಟಿ ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಬಾಗಿಲ ಸಂದಿಯಲ್ಲಿ ನಿಂತ ನನಗೆ ಆಗ ಗೊತ್ತಾಯಿತು. ಬಾಯಿ ತೆರೆದೆನೋ ಇಲ್ಲವೋ, ಅಷ್ಟರಲ್ಲಿ ಅವ್ವ ಹೇಳಿಬಿಟ್ಟಳು.

"ಎಡಿ ಹೋಳಿಗಿ ರೀ. ಉಗುರಷ್ಟು. ನಾನಾ ಇಟ್ಟೆ."

"ಸಾಕಾತು" ಎಂದಳು ಅಜ್ಜಿ. "ಅಷ್ಟಾ ಸಾಕು."

ಡಾಕ್ಟರು ಅಷ್ಟಕ್ಕೇ ಹೀಗಾಗಲಾರದು ಎಂಬಂತೆ ಅವ್ವನನ್ನು ನೋಡಿದರು, ಮತ್ತೇನೂ ಕೇಳಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಚನ್ನ ಹೋದ.

ಡಬ್ಬಿಯಲ್ಲಿ ಉಳಿದದ್ದನ್ನು ಓಣಿಯ ಮಕ್ಕಳಿಗೆ ಹಂಚಿ ಬರಲು ಅವ್ವ ನನ್ನನ್ನೇ ಕಳಿಸಿದಳು. ಹಂಚಿ ಬಂದೆ. ಮೂರು ಕಡಿಮೆ ಇದ್ದದ್ದು ಯಾರಿಗೂ ತಿಳಿಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಬಂದಾಗ ಅಜ್ಜಿಯ ಬಾಯಿ ಇನ್ನಷ್ಟು ಹರಿತವಾಗಿತ್ತು. ಕೈಯಾರೆ ಕೊಂದವಳು ಎಂದು ಬಂದವರೆದುರೆಲ್ಲ ಆಡಿದಳು. ಅಪ್ಪ ಅವ್ವನ ಕೂಡ ಮಾತು ಕಡಿಮೆ ಮಾಡಿದ. ಆ ಮಾತುಗಳೆಲ್ಲ ನನ್ನ ಪಾಲಿನವು, ಅವ್ವನ ತಲೆಯ ಮೇಲೆ ಬೀಳುತ್ತಿದ್ದವು. ನಾನು ಹೆದರಿದೆ. ಹೆದರಿಕೆಗೆ ವಯಸ್ಸಾದಂತೆ ಅದಕ್ಕೆ ನಾಚಿಕೆಯೂ ಸೇರಿಕೊಂಡಿತು. ಹತ್ತು ವರ್ಷಕ್ಕೆ ಹೇಳದ್ದನ್ನು ಇಪ್ಪತ್ತಕ್ಕೆ ಹೇಗೆ ಹೇಳಲಿ, ಇಪ್ಪತ್ತಕ್ಕೆ ಹೇಳದ್ದನ್ನು ನಲವತ್ತಕ್ಕೆ ಹೇಗೆ ಹೇಳಲಿ?

ಮನೆಯಲ್ಲಿ ಮತ್ತೆ ನಾನಖಟಾಯಿ ಕಲಸಲಿಲ್ಲ. ಎಳ್ಳ ಅಮಾವಾಸ್ಯೆಗೆ ಬುಟ್ಟಿ ಹೋಗುತ್ತಿತ್ತು, ಅವ್ವ ಹೋಳಿಗೆಯನ್ನೂ ಮಾಡುತ್ತಿದ್ದಳು, ಬಡಿಸುತ್ತಿದ್ದಳು. ತಾನು ಬಾಯಿಗೆ ಇಡುತ್ತಿರಲಿಲ್ಲ.

ಕೊನೆಯ ಜಡ್ಡಿನಲ್ಲಿ ಅವಳು ಮಾನ್ವಿಯ ನನ್ನ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಉಗುರಷ್ಟಾ ಇಟ್ಟಿದ್ದೆ, ಯವ್ವಾ. ಅಷ್ಟಕ್ಕ ಹ್ವಾದನೇನು?"

ಐವತ್ತು ವರ್ಷ ಅವಳು ಯಾರನ್ನೂ ಕೇಳಿರದ ಮಾತು. ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

"ಗಂಜಿ ಆರ್ತದ, ಕುಡಿ" ಎಂದೆ.

ಅವಳು ಕುಡಿದಳು. ಅದೇ ವಾರ ತೀರಿಕೊಂಡಳು.

ಈಗ ಸಾಹೇಬರ ಭಟ್ಟಿಯಿಲ್ಲ, ಚಂದ್ರಬಂಡದ ಹೊಲವನ್ನು ಯಾರೋ ಉಳುತ್ತಾರೆ. ಅದಕ್ಕೆಲ್ಲ ನಾನು ಅಳುವುದಿಲ್ಲ. ಅವ್ವನ ಬೀಗದ ಕೈ ನನ್ನ ಹತ್ತಿರ ಇದೆ, ಅದರ ಪೆಟ್ಟಿಗೆ ಎಲ್ಲಿ ಹೋಯಿತೋ. ಮೊಮ್ಮಗಳು ಓವನ್ನಿನಲ್ಲಿ ನಾನಖಟಾಯಿ ಮಾಡಿ, ಅಜ್ಜಿ ನಿಮ್ಮ ಕಾಲದ ಹಾಗೆ ಆಗಿವೆಯಾ ಎಂದು ಕೇಳುತ್ತಾಳೆ. ಹಲ್ಲಿಲ್ಲ ಎಂದು ಹೇಳಿ ತಟ್ಟೆ ಸರಿಸುತ್ತೇನೆ. ಹೇಳಬೇಕಾಗಿದ್ದ ಒಂದು ಮಾತಿತ್ತು, ಅದನ್ನು ಕೇಳಬೇಕಾಗಿದ್ದ ಒಬ್ಬಳಿದ್ದಳು. ತಾನು ಮಾಡದ ತಪ್ಪಿಗೆ ಅವಳು ಸಾಯುವವರೆಗೂ ಹೋಳಿಗೆ ತಿನ್ನಲಿಲ್ಲ. ಅವಳೇ ಬಡಿಸಿದ ಹೋಳಿಗೆಯನ್ನು ನಾನು ಪ್ರತಿ ವರ್ಷವೂ ತಿಂದೆ, ತುಪ್ಪ ಹಾಕಿಸಿಕೊಂಡು ತಿಂದೆ.