ಅಕ್ಕ ತೋರಿಸಿದ ಕೋಣೆ

ದೆವ್ವ ಭೂತಗಳ ಮಾತು ಬಂದರೆ ನಗುವವರ ಪೈಕಿ ನಾನೂ ಒಬ್ಬ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನಗುತ್ತ ಹೇಳಲು ಇವತ್ತಿಗೂ ಆಗುತ್ತಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಭಾವ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲೇ ಇದ್ದಳು. ಹಿಂದೆ ಕೂತಿದ್ದ ಅವಳನ್ನು ಯಾರೋ ಮೊದಲು ಆಸ್ಪತ್ರೆಗೆ ಸಾಗಿಸಿದ್ದರಿಂದ ಭಾವನ ಕೊನೆಗಳಿಗೆಯಲ್ಲಿ ಹತ್ತಿರವಿರಲು ಆಗಿರಲಿಲ್ಲ. ಅಂದಿನಿಂದ ಅವಳು ಬಾಯಿಬಿಟ್ಟಿರಲಿಲ್ಲ. ಗಂಟಲಿನಲ್ಲಿ ದೋಷವೇನಿಲ್ಲ ಎಂದಿದ್ದರು ಡಾಕ್ಟರು.

ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಲ್ಲಿ ಒಂದು ಆಟವಿತ್ತು. ಪಾಳುಬಿದ್ದ ದೊಡ್ಡ ಮನೆ; ಆಡುವವನೇ ಟಾರ್ಚು ಹಿಡಿದು ಒಳಗೆ ಅಲೆಯಬೇಕು. ಹೊಡೆದಾಟವಿಲ್ಲ. ಹೆಜ್ಜೆ ಸಪ್ಪಳ, ಎಲ್ಲೋ ನರಳುವ ದನಿ, ಅಷ್ಟೇ. ನಾನು ಪಡಸಾಲೆಯಲ್ಲೇ ಸಿಕ್ಕಿಕೊಂಡು ದಾರಿ ಕಾಣದೆ ಸುತ್ತುತ್ತಿದ್ದೆ. ಆ ಮಧ್ಯಾಹ್ನ ಅಕ್ಕ ಯಾವಾಗ ಬಂದು ಹಿಂದೆ ನಿಂತಳೋ ತಿಳಿಯಲಿಲ್ಲ.

"ಅಲ್ಲಲ್ಲ ಕಣೋ. ಬೀರು ಪಕ್ಕ ಬಾಗಿಲಿದೆ, ನೋಡು."

ಎಷ್ಟೋ ತಿಂಗಳ ಮೇಲೆ ಕೇಳಿದ ದನಿ. ತಿರುಗಿದರೆ ಎಲ್ಲಿ ಮಾತು ನಿಲ್ಲಿಸಿಬಿಡುತ್ತಾಳೋ ಎಂದು ತಿರುಗಲಿಲ್ಲ. ಬೀರುವಿನ ಪಕ್ಕ ನಿಜಕ್ಕೂ ಬಾಗಿಲಿತ್ತು. ಎಡಕ್ಕೆ ಹೋಗು, ಮೆಟ್ಟಿಲಿಳಿ, ತಲೆ ಬಗ್ಗಿಸು ಎನ್ನುತ್ತ ಹುಟ್ಟಿ ಬೆಳೆದ ಮನೆಯೊಳಗೆ ಕರೆದೊಯ್ಯುವಂತೆ ಕರೆದೊಯ್ದಳು. ಕೊನೆಗೆ ಒಂದು ಪುಟ್ಟ ಕೋಣೆ. ಗೋಡೆಗೆ ಮುಖಮಾಡಿ ಯಾರೋ ಕೂತಿದ್ದರು. ನರಳುತ್ತಿದ್ದುದು ಅವರೇ. ನಾನು ಹೆದರಿ ಆಟ ನಿಲ್ಲಿಸಲು ಹೊರಟೆ.

"ಬಿಟ್ಬುಟ್ಟು ಹೋಗ್ಬೇಡ. ಸ್ವಲ್ಪ ಹೊತ್ತು ಅವರ ಹತ್ರ ಇರು," ಎಂದಳು.

ಇದ್ದೆ. ನರಳಾಟ ಮೆಲ್ಲಗೆ ಕಡಿಮೆಯಾಗಿ ನಿಂತಿತು. ಅಕ್ಕ ನನ್ನ ಭುಜ ಹಿಡಿದು ಅತ್ತಳು, ಅಪಘಾತವಾದ ಮೇಲೆ ಮೊದಲ ಸಲ. ಆಮೇಲೆ ಅಡಿಗೆಮನೆಗೆ ಹೋಗಿ ಅನ್ನ ಕೇಳಿದಳು. ಸಾರಿಗೆ ಉಪ್ಪು ಕಮ್ಮಿ ಎಂದೂ ಹೇಳಿದಳು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತೇ ಇದ್ದಳು.

ಆ ಕೋಣೆಯನ್ನು ಮತ್ತೆ ಹುಡುಕಿದೆ. ಬೀರುವಿನ ಪಕ್ಕ ಬರಿ ಗೋಡೆ. ಆಟವನ್ನು ಪೂರ್ತಿ ಆಡಿ ಮುಗಿಸಿದ್ದ ಗೆಳೆಯ, ಅಂಥ ಕೋಣೆಯೇ ಅದರಲ್ಲಿಲ್ಲ, ನರಳುವವರನ್ನು ಕೊನೆಯವರೆಗೂ ತೋರಿಸುವುದಿಲ್ಲ ಎಂದ. ಸಿ.ಡಿ. ಕೆಟ್ಟಿರಬೇಕು ಎಂದುಕೊಂಡೆ. ಆದರೆ ಅಕ್ಕನಿಗೆ ದಾರಿ ತಿಳಿದದ್ದು ಹೇಗೆ?

ಮುಂದೆ ಅವಳು ಹೆಬ್ಬಾಳದ ಕಾರ್ಖಾನೆಯೊಂದಕ್ಕೆ ಸೇರಿದಳು, ಮೊದಲಿನಂತೆ ಮನೆ ತುಂಬ ಮಾತಾಡತೊಡಗಿದಳು. ಒಮ್ಮೆ ಧೈರ್ಯ ಮಾಡಿ ಆ ಮನೆಯ ವಿಷಯ ಕೇಳಿದೆ.

"ನಂಗೆ ಯಾವ ಮನೇನೂ ಕಾಣ್ಲಿಲ್ಲ ಕಣೋ. ಅವರ ಪಕ್ಕ ಕೂತಿದ್ದಷ್ಟೇ ಗೊತ್ತು."

ಯಾರ ಪಕ್ಕ ಎಂದು ನಾನು ಕೇಳಬೇಕಾಗಿರಲಿಲ್ಲ. ಭಾವನನ್ನು ಅವಳು ಯಾವತ್ತೂ 'ಅವರು' ಎಂದೇ ಕರೆಯುತ್ತಿದ್ದಳು.